ಜಮೀನು, ಸೈಟು ಕೊಳ್ಳುವವರಿಗೆ: ಅಡ್ವಾನ್ಸ್ ಕೊಡುವ ಮುಂಚಿನಿಂದ ಖಾತೆ ಕೈಗೆ ಬರುವವರೆಗೆ

ಚಿಕ್ಕಬಳ್ಳಾಪುರ, ಚಿಂತಾಮಣಿ, ಮಾಲೂರು ಕಡೆ ಜಮೀನೋ ಸೈಟೋ ನೋಡಿಕೊಂಡು ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ರಿಜಿಸ್ಟ್ರೇಷನ್ ಆಗಿಬಿಟ್ಟರೆ ಆಸ್ತಿ ನಮ್ಮದಾಯ್ತು, ಅಲ್ವಾ?"

ಮಾರುವವರಿಗೆ ಸರಿಯಾದ ಹಕ್ಕು ಇದ್ದರೆ ಮಾತ್ರ ನಿಮ್ಮದಾಗುತ್ತದೆ. ಉಪ ನೋಂದಣಾಧಿಕಾರಿ, ಅಂದರೆ ಸಬ್ ರಿಜಿಸ್ಟ್ರಾರ್, ನಿಮ್ಮ ಪರವಾಗಿ ಹಕ್ಕಿನ ಮೂಲ ಹುಡುಕಿ ಕೊಡುವುದಿಲ್ಲ. ಬಂದವರು ಯಾರು, ಮುದ್ರಾಂಕ ಶುಲ್ಕ ಕಟ್ಟಿದ್ದಾರಾ, ಬೇಕಾದ ದಾಖಲೆ ಇದೆಯಾ ಎಂದು ನೋಡಿ ಪತ್ರವನ್ನು ನೋಂದಾಯಿಸುತ್ತಾರೆ. ತನಗೆ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಹಾಗಾಗಿ ಮೂಲ ನೋಡುವ ಕೆಲಸ ಕೊಳ್ಳುವ ನಿಮ್ಮದೇ. ಅದನ್ನು ಅಡ್ವಾನ್ಸ್ ಕೊಡುವ ಮುಂಚೆ ಮಾಡಬೇಕು. ದುಡ್ಡು ಕೈಬಿಟ್ಟ ಮೇಲೆ ತಪ್ಪು ಕಂಡರೂ ಮನಸ್ಸು ಅದನ್ನು ಒಪ್ಪುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದನ್ನೂ ಹಿಂದೆಮುಂದೆ ಮಾಡಬೇಡಿ.

ಹಂತ 1: ನೀವು ಕೊಳ್ಳುತ್ತಿರುವುದು ಏನು?

ಪ್ರಶ್ನೆ ಸುಲಭ ಅನ್ನಿಸಬಹುದು. ಆದರೆ ಬೇಕಾಗುವ ದಾಖಲೆಗಳೆಲ್ಲ ಇದರ ಮೇಲೇ ನಿಂತಿವೆ.

ಕೃಷಿ ಜಮೀನಾದರೆ ಮುಖ್ಯ ದಾಖಲೆ ಪಹಣಿ (ಆರ್‌ಟಿಸಿ). ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ಸೈಟಾದರೆ ಇ-ಸ್ವತ್ತು ತಂತ್ರಾಂಶದಿಂದ ಬಂದ ನಮೂನೆ 9 ಮತ್ತು ನಮೂನೆ 11. ಪಟ್ಟಣದ ಸೈಟಾದರೆ ನಗರಸಭೆಯ ಇ-ಖಾತೆ. ತುಮಕೂರು ನಗರದಲ್ಲಾದರೆ ಇ-ಖಾತೆ ಕೊಡುವುದು ಮಹಾನಗರ ಪಾಲಿಕೆ. ಸೈಟು, ಮನೆಗಳನ್ನು ಇ-ಖಾತೆ ಇಲ್ಲದೆ ನೋಂದಾಯಿಸುವ ಕಾಲ 2024ಕ್ಕೆ ಮುಗಿಯಿತು. ಕೈಬರಹದ ಖಾತೆ ತೋರಿಸಿ "ಆಮೇಲೆ ಇ-ಖಾತೆ ಮಾಡಿಸಿಕೊಳ್ಳೋಣ" ಅನ್ನುವವರಿಗೆ, ಮೊದಲು ಅದನ್ನು ಮಾಡಿಸಿ ಎಂದು ಹೇಳಿ.

ಪಂಚಾಯಿತಿ ಸೈಟಿನಲ್ಲಿ ನಮೂನೆ 11 ಎ ಮತ್ತು 11 ಬಿ ಎಂದು ಎರಡು ಬಗೆ ಇವೆ. ಭೂಪರಿವರ್ತನೆ, ನಕ್ಷೆ ಅನುಮೋದನೆ ಎಲ್ಲ ಸರಿಯಿರುವ ಆಸ್ತಿಗೆ 11 ಎ. ಅದು ಇಲ್ಲದ್ದಕ್ಕೆ 11 ಬಿ. ಪಟ್ಟಣದಲ್ಲಿ ಇದೇ ರೀತಿ ಎ ಖಾತೆ, ಬಿ ಖಾತೆ. 11 ಬಿ ಅಥವಾ ಬಿ ಖಾತೆ ಸಿಕ್ಕ ಮಾತ್ರಕ್ಕೆ ಬಡಾವಣೆ ಸಕ್ರಮ ಆಯಿತು ಎಂದಲ್ಲ. ಮನೆ ಕಟ್ಟುವ ಪರವಾನಗಿ, ಬ್ಯಾಂಕ್ ಸಾಲ ಕೇಳಲು ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ.

"ರೆವಿನ್ಯೂ ಸೈಟು" ಎಂಬ ಮಾತು ಕಿವಿಗೆ ಬಿದ್ದರೆ ನಿಧಾನಿಸಿ. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ, ನಕ್ಷೆಗೆ ಅನುಮತಿ ಪಡೆಯದೆ ಸುಣ್ಣದ ಗೆರೆ ಎಳೆದು ಮಾರುವ ಸೈಟಿಗೆ ಆ ಹೆಸರು. ಸರಿಯಾದ ಬಡಾವಣೆಯಲ್ಲಿ ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ, ಸೈಟು ಬಿಡುಗಡೆ ಆದೇಶ ಮೂರೂ ಇರುತ್ತವೆ. 500 ಚದರ ಮೀಟರ್ ಮೀರಿದ ಅಥವಾ 8ಕ್ಕಿಂತ ಹೆಚ್ಚು ಸೈಟುಗಳ ಹೊಸ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ರೇರಾ ಕರ್ನಾಟಕ ಜಾಲತಾಣದಲ್ಲಿ ಬಡಾವಣೆ ಹೆಸರು ಹಾಕಿ ನೀವೇ ನೋಡಬಹುದು. ಬ್ರೋಷರ್‌ನಲ್ಲಿ ಅಚ್ಚಾದ ನಂಬರ್ ನಂಬಿ ಸುಮ್ಮನಿರಬೇಡಿ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಹುದಾ ಎಂದು ಈಗಲೂ ಕೇಳುತ್ತಾರೆ. ಕೊಳ್ಳಬಹುದು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಆದರೆ ಒಬ್ಬರು ಇಷ್ಟೇ ಇಟ್ಟುಕೊಳ್ಳಬಹುದು ಎಂಬ ಭೂಮಿತಿ ಈಗಲೂ ಇದೆ.

ಹಂತ 2: ಪಹಣಿಯನ್ನು ಕಾಲಂ ಕಾಲಂ ಓದಿ

ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್, ಹಿಸ್ಸಾ ನಂಬರ್ ಹಾಕಿದರೆ ಪಹಣಿ ಬರುತ್ತದೆ. ಹಿಸ್ಸಾ ಅಂದರೆ ಸರ್ವೆ ನಂಬರಿನ ಒಳಗಿನ ತುಂಡು. ಮಾರುವವರು ಕೊಟ್ಟ ಜೆರಾಕ್ಸ್ ಬೇಡ. ನೀವೇ ಹೊಸದಾಗಿ ತೆಗೆಯಿರಿ.

ಮೊದಲು ನೋಡಬೇಕಾದ್ದು ವಿಸ್ತೀರ್ಣ. ಅಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಕಳೆದು ಉಳಿದದ್ದು ಎಷ್ಟು ಎಂದು ಇರುತ್ತದೆ. ಸಾಗುವಳಿಗೆ ಬಾರದ ನೆಲಕ್ಕೆ ಖರಾಬು ಅನ್ನುತ್ತಾರೆ. ಅದರಲ್ಲೂ 'ಎ' ಖರಾಬು, 'ಬಿ' ಖರಾಬು ಎಂದು ಎರಡಿವೆ. ಬಂಡೆ, ದಿಬ್ಬದಂಥದ್ದು 'ಎ'. ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ನೆಲ 'ಬಿ'. ಅದು ಸರ್ಕಾರದ್ದು, ಮಾರಲು ಬರುವುದಿಲ್ಲ.

ಒಂದು ಪಹಣಿಯಲ್ಲಿ ಒಟ್ಟು 2 ಎಕರೆ 10 ಗುಂಟೆ, 'ಬಿ' ಖರಾಬು 8 ಗುಂಟೆ ಎಂದಿದೆ ಅನ್ನಿ. ನಿಮಗೆ ಬರುವುದು 2 ಎಕರೆ 2 ಗುಂಟೆ ಮಾತ್ರ. ಮಾರುವವರು ಮಾತಿನಲ್ಲಿ "ಎರಡೂಕಾಲು ಎಕರೆ" ಅಂತಲೇ ಹೇಳುತ್ತಾರೆ. ಅಷ್ಟಕ್ಕೇ ಲೆಕ್ಕ ಹಾಕಿ ದುಡ್ಡು ಕೊಟ್ಟರೆ, ಸರ್ಕಾರದ 8 ಗುಂಟೆಗೂ ನೀವು ಬೆಲೆ ತೆತ್ತಂತೆ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 1,089 ಚದರ ಅಡಿ. ಈ ಲೆಕ್ಕ ನೆನಪಿನಲ್ಲಿರಲಿ.

ಆಮೇಲೆ 9ನೇ ಕಾಲಂ ನೋಡಿ. ಸ್ವಾಧೀನದಾರರ, ಅಂದರೆ ಖಾತೆದಾರರ ಹೆಸರು ಅಲ್ಲಿರುತ್ತದೆ. ಹೆಸರಿನ ಎದುರು ಅವರವರ ವಿಸ್ತೀರ್ಣವೂ ಇರುತ್ತದೆ. ನಾಲ್ಕು ಹೆಸರಿದ್ದು ಮೂವರು ಮಾತ್ರ ಮಾರಲು ಬಂದಿದ್ದರೆ, ನಾಲ್ಕನೆಯವರು ಎಲ್ಲಿ ಎಂದು ಅಲ್ಲೇ ಕೇಳಿ. 10ನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಎಂಬುದರ ಎಂ.ಆರ್. ಸಂಖ್ಯೆ ಇರುತ್ತದೆ. ಎಂ.ಆರ್. ಅಂದರೆ ಮ್ಯುಟೇಷನ್ ರಿಜಿಸ್ಟರ್, ಹಕ್ಕು ಬದಲಾವಣೆಯ ವಹಿ. ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

11ನೇ ಕಾಲಂ ಬಿಡಲೇಬೇಡಿ. ಬ್ಯಾಂಕ್ ಸಾಲ, ಸೊಸೈಟಿ ಸಾಲ, ಕೋರ್ಟಿನ ತಡೆ, ಭೂಸ್ವಾಧೀನದ ಟಿಪ್ಪಣಿ ಎಲ್ಲ ಬರುವುದು ಇಲ್ಲೇ. ನಮ್ಮ ಕಡೆ ಇದು ಬಹಳ ಮುಖ್ಯ. ಕೋಲಾರದ ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರದ ಸುತ್ತ ಕೈಗಾರಿಕೆಗೆ ಜಮೀನು ಹೋಗಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ ತಾಲ್ಲೂಕುಗಳನ್ನು ಹಾದು ಹೋಗುತ್ತದೆ. ಕೈಗಾರಿಕೆಗೆ ಜಮೀನು ಸ್ವಾಧೀನ ಮಾಡಿಕೊಳ್ಳುವ ಕೆಐಎಡಿಬಿ ಕಾಯ್ದೆಯಲ್ಲಿ 28(1) ಅಂದರೆ ಪ್ರಾಥಮಿಕ ಅಧಿಸೂಚನೆ, 28(4) ಅಂದರೆ ಅಂತಿಮ ಅಧಿಸೂಚನೆ. ಇವೆರಡರಲ್ಲಿ ಯಾವುದು ಕಂಡರೂ ಆ ಜಮೀನಿನ ಮಾತು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಇರುತ್ತದೆ. ಖಾತೆದಾರರು ಒಬ್ಬರು, ಉಳುತ್ತಿರುವವರು ಇನ್ನೊಬ್ಬರು ಎಂದಾದರೆ ಕಾರಣ ತಿಳಿದುಕೊಳ್ಳಿ.

ಪಹಣಿಯಲ್ಲಿ ಹೆಸರಿದ್ದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಪಹಣಿ, ಖಾತೆ ಎರಡೂ ಕಂದಾಯದ ದಾಖಲೆಗಳು. ಬೇರೆ ಸಾಕ್ಷಿ ಬರುವವರೆಗೆ ಅದರಲ್ಲಿರುವುದು ನಿಜವೆಂದು ಕಾನೂನು ಒಪ್ಪುತ್ತದೆ, ಅಷ್ಟೇ. ಹಕ್ಕು ಹುಟ್ಟುವುದು ಕ್ರಯ, ದಾನ, ವಿಭಾಗ, ಮಂಜೂರಾತಿ, ಉತ್ತರಾಧಿಕಾರ ಇಂಥವುಗಳಿಂದ.

ಹಂತ 3: ಮೂಲಕ್ಕೆ ಹೋಗಿ

ಜಾಸ್ತಿ ಸಮಯ ಹಿಡಿಯುವುದು ಈ ಹಂತ. ನಾನು ಕಂಡ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟಿದ್ದೂ ಇಲ್ಲೇ.

ಕನಿಷ್ಠ 30 ವರ್ಷದ ಸರಪಳಿ ನೋಡುವುದು ರೂಢಿ. ಈಗಿನವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ಒಂದು ಕೊಂಡಿಯೂ ತಪ್ಪದ ಹಾಗೆ ಪತ್ರ ಇರಬೇಕು. ಹಳೆಯ ಕೈಬರಹದ ಪಹಣಿ, ಎಂ.ಆರ್. ಪ್ರತಿ, ಆಕಾರ್‌ಬಂದ್, ಐಎಲ್–ಆರ್‌ಆರ್ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸಿಗುತ್ತವೆ. ಆಕಾರ್‌ಬಂದ್ ಅಂದರೆ ಸರ್ವೆ ನಂಬರಿನ ಮೂಲ ವಿಸ್ತೀರ್ಣ, ಕಂದಾಯದ ದಾಖಲೆ. ಐಎಲ್–ಆರ್‌ಆರ್ ಅಂದರೆ ಯಾರ ಹೆಸರಿನಿಂದ ಯಾರ ಹೆಸರಿಗೆ ಜಮೀನು ಬಂತು ಎಂದು ತೋರಿಸುವ ಹಳೆಯ ಹಕ್ಕು ದಾಖಲೆ.

ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಒಂದು ಮಾತು. ಈ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಹಿಂದಿನ ಪತ್ರಗಳಲ್ಲಿ ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಎಲ್ಲವೂ "ಕೋಲಾರ ಜಿಲ್ಲೆ" ಎಂದೇ ಇರುತ್ತವೆ. ಗಾಬರಿ ಬೇಡ, ಅದು ತಪ್ಪಲ್ಲ. ಹೊಸ ಕ್ರಯಪತ್ರದಲ್ಲಿ "ಹಿಂದಿನ ಕೋಲಾರ ಜಿಲ್ಲೆ, ಹಾಲಿ ಚಿಕ್ಕಬಳ್ಳಾಪುರ ಜಿಲ್ಲೆ" ಎಂದು ಬರೆಸಿದರೆ ಸರಪಳಿ ಕೂಡಿಕೊಳ್ಳುತ್ತದೆ.

ಸರಪಳಿಯ ತುದಿಯಲ್ಲಿ ಸರ್ಕಾರದ ಮಂಜೂರಾತಿ ಇದ್ದರೆ 30 ವರ್ಷಕ್ಕೆ ನಿಲ್ಲಬೇಡಿ. ಮಂಜೂರಾತಿ ಆದೇಶದವರೆಗೂ ಹೋಗಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಇದನ್ನು ಹೇಳುತ್ತದೆ. ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಮಂಜೂರಿದಾರರಿಗೆ, ಅವರ ವಾರಸುದಾರರಿಗೆ ವಾಪಸ್ ಹೋಗಬಹುದು. ಕೇಸು ಹಾಕಲು ಕಾಲಮಿತಿ ಅನ್ವಯಿಸುವುದಿಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಯಿತು. "ನಾವು ಕೊಂಡು ಇಪ್ಪತ್ತೈದು ವರ್ಷ ಆಯ್ತು, ಯಾರೂ ಬಂದಿಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಬಡವರ ಕೈತಪ್ಪಿ ಹೋದ ನೆಲ ಅವರಿಗೇ ಉಳಿಯಲಿ ಎಂದು ಮಾಡಿದ ಕಾನೂನು ಅದು. ಅದನ್ನು ದಾಟುವ ದಾರಿ ಹೇಳಿಕೊಡುತ್ತೇನೆ ಎನ್ನುವ ದಲ್ಲಾಳಿಯಿಂದ ದೂರ ಇರಿ.

ಗೇಣಿ ಹಕ್ಕಿನಲ್ಲಿ ಭೂ ನ್ಯಾಯಮಂಡಳಿಯಿಂದ ಬಂದ ಜಮೀನಿಗೆ 15 ವರ್ಷ ಪರಭಾರೆ ನಿಷೇಧ ಇತ್ತು. ಪರಭಾರೆ ಅಂದರೆ ಮಾರುವುದು, ದಾನ ಕೊಡುವುದು. ಆ ಅವಧಿಯ ಒಳಗೆ ಕ್ರಯ ನಡೆದಿದೆಯಾ ಎಂದು ತಾರೀಖು ಹಿಡಿದು ಲೆಕ್ಕ ಹಾಕಿ. ಬಗರ್ ಹುಕುಂ ಜಮೀನಾದರೆ, ಅಂದರೆ ಅನುಮತಿ ಇಲ್ಲದೆ ಉಳುತ್ತಿದ್ದವರಿಗೆ ಸಕ್ರಮ ಮಾಡಿಕೊಟ್ಟ ಸರ್ಕಾರಿ ನೆಲವಾದರೆ, ಸಾಗುವಳಿ ಚೀಟಿ ಕೇಳಿ. ಷರತ್ತುಗಳು ಅದರಲ್ಲೇ ಬರೆದಿರುತ್ತವೆ. ತೋಟಿ, ತಳವಾರಿಕೆ, ನೀರಗಂಟಿ ಇನಾಮತಿ ಜಮೀನುಗಳು (ಹಳ್ಳಿ ಚಾಕರಿಗೆ ಕೊಟ್ಟಿದ್ದವು) ನಮ್ಮ ಹಳ್ಳಿಗಳಲ್ಲಿ ಬಹಳ ಇವೆ. ಇವಕ್ಕೆ ಮರುಮಂಜೂರಾತಿ ಆದೇಶ ಇದೆಯಾ, ಅದರಲ್ಲಿ ಏನಿದೆ ಎಂದು ವಕೀಲರ ಕೈಯಲ್ಲಿ ಓದಿಸದೆ ಮುಂದೆ ಹೋಗಬೇಡಿ.

ಇನ್ನು ಕುಟುಂಬದ ಹಕ್ಕು. ಪಿತ್ರಾರ್ಜಿತ ಆಸ್ತಿಯಾದರೆ ನಾಡಕಚೇರಿಯಿಂದ ಪಡೆದ ವಂಶವೃಕ್ಷ ಕೇಳಿ. ಹೆಣ್ಣುಮಕ್ಕಳ ಹೆಸರು ಅದರಲ್ಲಿದೆಯಾ ನೋಡಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ಹೊತ್ತಿಗೆ ತಂದೆ ಬದುಕಿರಬೇಕಿತ್ತು ಎಂಬ ವಾದವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾಗಿ ಮುಗಿದ ವಿಭಾಗ, ಕ್ರಯಗಳಿಗೆ ಮಾತ್ರ ಇದು ತಟ್ಟುವುದಿಲ್ಲ. "ತಂಗಿಗೆ ಮದುವೆಯಲ್ಲೇ ಎಲ್ಲ ಕೊಟ್ಟಿದ್ದೀವಿ" ಎಂದು ಅಣ್ಣ ಹೇಳಿದರೆ ಸಾಲದು. ಆ ತಂಗಿ ಕ್ರಯಪತ್ರಕ್ಕೆ ತಾನೂ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಅವರ ಪಾಲಿನ ದುಡ್ಡು ಅವರ ಖಾತೆಗೇ ಹೋದರೆ ಇನ್ನೂ ಒಳ್ಳೆಯದು, ಅದು ನ್ಯಾಯವೂ ಹೌದು.

ಅಜ್ಜನ ಹೆಸರಲ್ಲೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಆಗಲಿ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಅಪ್ರಾಪ್ತರ ಸ್ವಂತ ಆಸ್ತಿಯನ್ನು ತಂದೆತಾಯಿಯೇ ಮಾರಿದರೂ ಕೋರ್ಟಿನ ಅನುಮತಿ ಬೇಕು. ಆ ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಕ್ರಯ ರದ್ದು ಕೇಳಬಹುದು.

ಹಂತ 4: ಇಸಿ ತೆಗೆಯಿರಿ

ಇಸಿ ಅಂದರೆ ಋಣಭಾರ ಪತ್ರ. ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ಅಗ್ರಿಮೆಂಟ್ ಇದರಲ್ಲಿ ಬರುತ್ತವೆ. 2004ರ ಏಪ್ರಿಲ್ 1ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಸಿಗುತ್ತದೆ. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ನಮೂನೆ 15 ಬಂದರೆ ವ್ಯವಹಾರ ಇದೆ, ನಮೂನೆ 16 ಬಂದರೆ ಏನೂ ಸಿಕ್ಕಿಲ್ಲ ಎಂದು ಅರ್ಥ.

ಏನೂ ಸಿಗದಿದ್ದಾಗ ಕೂಡಲೇ ಖುಷಿಪಡಬೇಡಿ. ಸರ್ವೆ ನಂಬರ್ 45/1 ಎಂದು ಹುಡುಕಿದರೆ, 45 ಎಂದು ಬರೆದ ಹಳೆಯ ಅಡಮಾನ ತಪ್ಪಿಹೋಗಬಹುದು. ಹಾಗಾಗಿ ಮೂಲ ನಂಬರ್, ಹಿಸ್ಸಾ ನಂಬರ್, ಹಳೆಯ ಖಾತಾ ನಂಬರ್, ಮಾರುವವರ ಹೆಸರು ಎಲ್ಲದರಿಂದಲೂ ಹುಡುಕಿಸಿ.

ಇಸಿಯಲ್ಲಿ ಬಾರದ್ದೂ ಇದೆ. ನೋಂದಣಿಯಾಗದ ವಿಲ್, ಬಾಯಿಮಾತಿನ ಪಾಲು, ಮೂಲ ಪತ್ರ ಇಟ್ಟು ಪಡೆದ ಸಾಲ, ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಆದ್ದರಿಂದ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. "ಮೂಲ ಕಳೆದುಹೋಗಿದೆ" ಎಂದರೆ ಅದು ಯಾವುದೋ ಬ್ಯಾಂಕಿನಲ್ಲಿ ಇದೆಯಾ ಎಂಬ ಅನುಮಾನ ಬರಲೇಬೇಕು. ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ, ದೃಢೀಕೃತ ನಕಲು ಮೂರೂ ಇಲ್ಲದೆ ಒಪ್ಪಬೇಡಿ. ದಾವೆ ಇದೆಯಾ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ತಹಶೀಲ್ದಾರ್, ಎ.ಸಿ., ಡಿ.ಸಿ. ಕೋರ್ಟಿನ ಕೇಸುಗಳು ಆರ್‌ಸಿಸಿಎಂಎಸ್ ಎಂಬ ಬೇರೆ ಜಾಲತಾಣದಲ್ಲಿ ಇರುತ್ತವೆ. ಅದನ್ನು ಮರೆಯುವವರೇ ಜಾಸ್ತಿ.

ಹಂತ 5: ನೆಲದ ಮೇಲೆ ನಡೆಯಿರಿ

ಕಾಗದ ಕೈಯಲ್ಲಿ ಹಿಡಿದು ಜಮೀನಿನ ಸುತ್ತ ನಡೆಯಿರಿ. ಕಾರಿನಲ್ಲಿ ಕೂತು ಕಿಟಕಿಯಿಂದ ನೋಡಿದರೆ ಆಗದು.

ಪತ್ರದಲ್ಲಿ ಚಕ್ಕುಬಂದಿ ಬರೆದಿರುತ್ತದೆ. ಅಂದರೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಕ್ಕೆ ಯಾರ ಜಮೀನು, ಯಾವ ದಾರಿ ಎಂಬ ವಿವರ. ಒಂದೊಂದು ದಿಕ್ಕಿಗೂ ಹೋಗಿ ಪಕ್ಕದ ಜಮೀನಿನವರನ್ನು ಮಾತನಾಡಿಸಿ. "ಅಣ್ಣಾ, ಈ ಬದುವಿನ ಆಚೆ ನಿಮ್ಮದಾ? ಇದನ್ನು ನಾವು ತಗೋಬೇಕು ಅಂತಿದ್ದೀವಿ" ಎಂದರೆ ಸಾಕು. ಗೊತ್ತಿದ್ದವರು ಸುಮ್ನೆ ಇರುವುದಿಲ್ಲ. ಒಮ್ಮೆ ಹೊಂಗೆ ಮರದ ಕೆಳಗೆ ಹೀಗೆ ಕೇಳಿದಾಗ ಪಕ್ಕದ ಹಿಪ್ಪುನೇರಳೆ ತೋಟದ ಅಜ್ಜಿ ಕಾಲಿನಿಂದ ಎಲೆ ಸರಿಸಿ ಸರ್ವೆ ಕಲ್ಲು ತೋರಿಸಿದರು. ಮಾರುವವರು ತೋರಿಸಿದ್ದ ಗಡಿ ಅದರಿಂದ ಹತ್ತು ಹೆಜ್ಜೆ ಆಚೆ ಇತ್ತು.

ಗಡಿ ಅನುಮಾನ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅಳೆದು ಗಡಿ ಗುರುತಿಸುತ್ತಾರೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು. ಮಾರುವ ತುಂಡು ಎಲ್ಲಿಂದ ಎಲ್ಲಿಗೆ ಎಂದು ಅಳೆದು ಕೊಡುವ ನಕ್ಷೆ ಅದು. ಇದಕ್ಕೆ ಸಮಯ ಹಿಡಿಯುತ್ತದೆ. ಅಗ್ರಿಮೆಂಟಿನ ಗಡುವು ಇಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗ್ರಾಮ ನಕಾಶೆಯನ್ನೂ ತೆಗೆದುಕೊಂಡು ಹೋಗಿ. ಬಂಡಿದಾರಿ, ರಾಜಕಾಲುವೆ, ಕೆರೆಯಂಗಳ, ಗುಂಡುತೋಪು ಅದರಲ್ಲಿ ಕಾಣುತ್ತವೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಂದಾಜಿಗೆ ಅದು ಒಳ್ಳೆಯದು, ಗಡಿ ತೀರ್ಮಾನಕ್ಕೆ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕೆರೆ ಅಂಚಿನ ಜಮೀನಿಗೆ ಇನ್ನೂ ಒಂದು ಎಚ್ಚರ. ವರ್ಷಗಟ್ಟಲೆ ಒಣಗಿದ್ದ ಕೆರೆಗಳಿಗೆ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಹತ್ತು ವರ್ಷದ ಹಿಂದೆ ಒಣ ನೆಲವಾಗಿ ಕಂಡದ್ದು ಈಗ ನೀರಿನಲ್ಲಿ ನಿಲ್ಲಬಹುದು.

ಜಮೀನಿಗೆ ದಾರಿ ಇದೆಯಾ? ಅದು ನಕಾಶೆ ದಾರಿಯಾ, ಪಕ್ಕದವರು ಒಳ್ಳೆಯತನದಿಂದ ಬಿಟ್ಟ ದಾರಿಯಾ? ಎರಡನೆಯದಾದರೆ ದಾರಿ ಹಕ್ಕನ್ನು ಪತ್ರದಲ್ಲಿ ಬರೆಸಿಕೊಳ್ಳಬೇಕು, ದಾರಿ ಕೊಡುವವರ ಸಹಿಯೂ ಬೇಕು. ಬೋರ್‌ವೆಲ್ ನೀವು ಕೊಳ್ಳುವ ತುಂಡಿನ ಒಳಗೇ ಇದೆಯಾ ಎಂದೂ ನೋಡಿ. ಸಾವಿರ ಅಡಿ ಕೊರೆದರೂ ನೀರಿನ ಭರವಸೆ ಇಲ್ಲದ ಕಡೆ, ಬೋರ್ ಅಣ್ಣನ ಪಾಲಿನಲ್ಲಿ ಉಳಿದರೆ ನಿಮ್ಮ ಕೈಗೆ ಬರುವುದು ಬರೀ ನೆಲ.

ಹಂತ 6: ಅಗ್ರಿಮೆಂಟ್

ಇಷ್ಟೆಲ್ಲ ನೋಡಿ, ವಕೀಲರಿಂದ ಲಿಖಿತ ಅಭಿಪ್ರಾಯ ಪಡೆದ ಮೇಲೆ ಅಡ್ವಾನ್ಸ್. ಕ್ರಯದ ಕರಾರನ್ನು ನೋಂದಣಿ ಮಾಡಿಸುವುದು ಉತ್ತಮ. ಆಗ ಅದು ಇಸಿಯಲ್ಲಿ ಬರುತ್ತದೆ, ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಒಟ್ಟು ಬೆಲೆ, ಕೊಟ್ಟದ್ದು, ಉಳಿದದ್ದು, ಗಡುವು, 11ಇ ನಕ್ಷೆ ಯಾರು ಮಾಡಿಸಬೇಕು, ಸಾಲ ಯಾರು ತೀರಿಸಬೇಕು, ತಪ್ಪಿದರೆ ಏನು ಎಂದು ಬರೆಸಿ. ಪಾಲುದಾರರೆಲ್ಲ ಸಹಿ ಹಾಕಲಿ. ಗಡುವು ದಾಟಿಯೂ ಅವರು ಬರೆದುಕೊಡದಿದ್ದರೆ ಮೂರು ವರ್ಷದೊಳಗೆ ದಾವೆ ಹಾಕಬೇಕು. "ನೋಡೋಣ, ಮಾಡಿಕೊಡ್ತಾರೆ" ಎಂದು ಕಾಯುತ್ತಾ ಆ ಮೂರು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ.

ಸ್ವಾಧೀನ ಬಿಟ್ಟುಕೊಡುವ ಅಗ್ರಿಮೆಂಟಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ರೇರಾ ಬಡಾವಣೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಅಡ್ವಾನ್ಸ್ ಕೇಳುವ ಮುಂಚೆ ನೋಂದಾಯಿತ ಕರಾರು ಮಾಡಿಕೊಡಲೇಬೇಕು.

ಬರೀ ಜಿಪಿಎ ಮೇಲೆ ಕೊಳ್ಳಬೇಡಿ. ಜಿಪಿಎ, ಅಂದರೆ ಅಧಿಕಾರ ಪತ್ರ, ಮಾಲೀಕತ್ವ ವರ್ಗಾಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹಂತ 7: ಖರ್ಚಿನ ಲೆಕ್ಕ

ಮಾರ್ಗಸೂಚಿ ಬೆಲೆ ಅಂದರೆ ಸರ್ಕಾರ ಆ ಜಾಗಕ್ಕೆ ನಿಗದಿ ಮಾಡಿದ ಕನಿಷ್ಠ ಬೆಲೆ. ಅದು ಮತ್ತು ನೀವು ಕೊಡುವ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಸೈಟು, ಜಮೀನಿಗೆ ಮುದ್ರಾಂಕ ಶುಲ್ಕ ಶೇ. 5. ಆ ಶುಲ್ಕದ ಮೇಲೆ ಶೇ. 10 ಸೆಸ್. ಜೊತೆಗೆ ಸರ್‌ಚಾರ್ಜ್, ನಗರದಲ್ಲಿ ಶೇ. 2, ಗ್ರಾಮಾಂತರದಲ್ಲಿ ಶೇ. 3. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ.

ಹಳ್ಳಿಯಲ್ಲಿ 20 ಲಕ್ಷದ ಆಸ್ತಿ ಎಂದುಕೊಳ್ಳಿ. ಮುದ್ರಾಂಕ 1,00,000. ಸೆಸ್ 10,000. ಸರ್‌ಚಾರ್ಜ್ 3,000. ನೋಂದಣಿ 40,000. ಒಟ್ಟು 1,53,000 ರೂಪಾಯಿ. ವಕೀಲರ, ಪತ್ರ ಬರಹಗಾರರ ಫೀಸು ಬೇರೆ. ಬೆಲೆ ಕಡಿಮೆ ತೋರಿಸಿದರೆ ಪತ್ರ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ವಿಚಾರಣೆಗೆ ಹೋಗಬಹುದು. ಮುಂದೆ ನೀವು ಮಾರುವಾಗ ತೆರಿಗೆಯೂ ಜಾಸ್ತಿ ಬೀಳುತ್ತದೆ.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಗ್ರಾಮಾಂತರ ಕೃಷಿ ಜಮೀನಿಗೆ ಇದು ಇಲ್ಲ.

ಹಂತ 8: ಕ್ರಯಪತ್ರ ಬರೆಸಿ, ಕೂತು ಓದಿ

ಕರಡು ಎರಡು ದಿನ ಮುಂಚೆಯೇ ಕೈಗೆ ಬರಲಿ. ಹೆಸರುಗಳನ್ನು ಆಧಾರ್, ಪಹಣಿ, ಮೂಲ ಪತ್ರ ಮೂರರ ಜೊತೆ ಹೋಲಿಸಿ. ಹಳೆಯ ಪತ್ರದಲ್ಲಿ "ದೊಡ್ಡಮುನಿಯಪ್ಪ ಬಿನ್ ಚಿಕ್ಕಮುನಿಶಾಮಪ್ಪ" ಎಂದಿದ್ದು, ಆಧಾರ್‌ನಲ್ಲಿ ಬರೀ "ಮುನಿಯಪ್ಪ" ಎಂದಿರುತ್ತದೆ. ಆಗ ಇಬ್ಬರೂ ಒಬ್ಬರೇ ಎಂದು "ಉರುಫ್" ಹಾಕಿ ಬರೆಸಬೇಕು. ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ.

ಷೆಡ್ಯೂಲ್ ಭಾಗವನ್ನು ಗಟ್ಟಿಯಾಗಿ ಓದಿಸಿ ಕೇಳಿ. ಸರ್ವೆ ನಂಬರ್, ವಿಸ್ತೀರ್ಣ ಅಂಕಿಯಲ್ಲೂ ಅಕ್ಷರದಲ್ಲೂ, ಖರಾಬು, ಚಕ್ಕುಬಂದಿ, ಬೋರ್‌ವೆಲ್, ಮರಗಳು, ದಾರಿ. ಪೂರ್ವಕ್ಕೆ ಬರೆಯಬೇಕಾದ್ದು ಪಶ್ಚಿಮಕ್ಕೆ ಹೋದರೆ ತಿದ್ದುಪಡಿ ಪತ್ರ ಮಾಡಿಸಬೇಕಾಗುತ್ತದೆ. ಅದಕ್ಕೆ ಮಾರಿದವರು ಮತ್ತೆ ಬರಬೇಕು. ದುಡ್ಡು ಸಿಕ್ಕ ಮೇಲೆ ಅವರನ್ನು ಕರೆತರುವುದು ಎಷ್ಟು ಕಷ್ಟ ಎಂದು ಒಮ್ಮೆ ಅಲೆದವರಿಗೇ ಗೊತ್ತು.

ಹಂತ 9: ನೋಂದಣಿಯ ದಿನ

ಕಾವೇರಿ 2.0ರಲ್ಲಿ ವಿವರ ತುಂಬಿ ಪತ್ರ ಏರಿಸಿದರೆ ಕಚೇರಿ ಪರಿಶೀಲಿಸುತ್ತದೆ. ಒಪ್ಪಿಗೆ ಬಂದ ಮೇಲೆ ಶುಲ್ಕ ಕಟ್ಟಿ ಸಮಯ ಕಾದಿರಿಸಬೇಕು. 2024ರ ಸೆಪ್ಟೆಂಬರ್‌ನಿಂದ ನಿಮ್ಮ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಮಾಡಿಸಬಹುದು. ಶಿಡ್ಲಘಟ್ಟದ ಜಮೀನನ್ನು ಚಿಂತಾಮಣಿಯಲ್ಲಿ ನೋಂದಾಯಿಸಬಹುದು.

ಕೊಳ್ಳುವವರು, ಮಾರುವವರೆಲ್ಲರೂ, ಇಬ್ಬರು ಸಾಕ್ಷಿಗಳು ಬರಬೇಕು. ಆಧಾರ್, ಪಾನ್ ಮೂಲ ಪ್ರತಿ ಇರಲಿ. ಹಾಸಿಗೆ ಹಿಡಿದ ಹಿರಿಯರಿದ್ದರೆ ಅಧಿಕಾರಿ ಮನೆಗೇ ಬಂದು ಸಹಿ ಪಡೆಯುವ ವ್ಯವಸ್ಥೆ ಇದೆ, ಮೊದಲೇ ಅರ್ಜಿ ಕೊಡಿ. ಅವರಿಂದ ಜಿಪಿಎ ಬರೆಸಿಕೊಂಡು ತೊಂದರೆಗೆ ಸಿಕ್ಕಿಕೊಳ್ಳಬೇಡಿ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎಯೂ ಅಲ್ಲಿಗೇ ಮುಗಿಯಿತು.

ಉಳಿದ ಹಣದ ಡಿ.ಡಿ.ಯನ್ನು ಹಿಂದಿನ ದಿನವೇ ಕೊಡಬೇಡಿ. ಡಿ.ಡಿ. ನಂಬರ್ ಪತ್ರದಲ್ಲಿ ಬರೆದಿರಲಿ. ಹೆಬ್ಬೆಟ್ಟು, ಫೋಟೋ ನಡೆಯುವ ಹೊತ್ತಿಗೆ ಕೈಗಿಡಿ. ಮೂಲ ಪತ್ರಗಳನ್ನು ಅಲ್ಲೇ ಎಣಿಸಿ ತೆಗೆದುಕೊಳ್ಳಿ. ಆ ದಿನ ಬೆಳಿಗ್ಗೆ ಇನ್ನೊಮ್ಮೆ ಇಸಿ, ಪಹಣಿ ನೋಡುವುದು ಒಳ್ಳೆಯ ಅಭ್ಯಾಸ. ಸಹಿ ಆದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು ಎಂಬುದೂ ತಿಳಿದಿರಲಿ.

ಹಂತ 10: ಖಾತೆ ನಿಮ್ಮ ಹೆಸರಿಗೆ

ಕೃಷಿ ಜಮೀನಾದರೆ ನೋಂದಣಿ ಕಚೇರಿಯಿಂದ ಜೆ-ಸ್ಲಿಪ್ ಎಂಬ ಮಾಹಿತಿ ಭೂಮಿ ಕೇಂದ್ರಕ್ಕೆ ಹೋಗಿ ಮ್ಯುಟೇಷನ್ ಶುರುವಾಗುತ್ತದೆ. ಯಾರಾದರೂ ತಕರಾರು ಹಾಕಿದರೆ ಅದು ತಹಶೀಲ್ದಾರರ ಮುಂದೆ ವಿವಾದಿತ ಪ್ರಕರಣವಾಗುತ್ತದೆ. ಆದ್ದರಿಂದ ತಾನಾಗಿ ಆಗುತ್ತದೆ ಎಂದು ಮನೆಯಲ್ಲಿ ಕೂರಬೇಡಿ. ಭೂಮಿ ಜಾಲತಾಣದಲ್ಲಿ ಮ್ಯುಟೇಷನ್ ಸ್ಥಿತಿ ನೋಡುತ್ತಿರಿ. ಸೈಟಾದರೆ ಪಂಚಾಯಿತಿ ಅಥವಾ ನಗರಸಭೆಯಲ್ಲಿ ಖಾತೆ ಬದಲಾಗಿದೆಯಾ ವಿಚಾರಿಸಿ, ಆಸ್ತಿ ತೆರಿಗೆ ನಿಮ್ಮ ಹೆಸರಿನಲ್ಲಿ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಬೋರ್‌ವೆಲ್ ಇದ್ದರೆ ಬೆಸ್ಕಾಂ ಕಚೇರಿಯಲ್ಲಿ ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ಹೆಸರು ಬದಲಿಸಿ. ಇದನ್ನು ಬಿಟ್ಟವರು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟ ದಿನ ಹಳೆಯ ಮಾಲೀಕರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಜಮೀನಿನ ನಾಲ್ಕು ಮೂಲೆಗೆ ಕಲ್ಲು ನೆಡಿಸಿ, ಆಗ ಅಕ್ಕಪಕ್ಕದವರನ್ನೂ ಕರೆಯಿರಿ.

ಒಂದೆರಡು ತಿಂಗಳ ಮೇಲೆ ಹೊಸ ಪಹಣಿ, ಹೊಸ ಇಸಿ ಎರಡನ್ನೂ ತೆಗೆಯಿರಿ. ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರು ಅಕ್ಷರ ತಪ್ಪದೆ ಬಂದಿರಬೇಕು, 11ನೇ ಕಾಲಂನಲ್ಲಿ ಹಳೆಯವರ ಸಾಲ ಹೋಗಿರಬೇಕು. ಸಾಲ ಇನ್ನೂ ಕಾಣುತ್ತಿದ್ದರೆ ಬ್ಯಾಂಕಿನ ಋಣಮುಕ್ತ ಪತ್ರದ ಜೊತೆ ಅದೇ ವಾರ ಭೂಮಿ ಕೇಂದ್ರಕ್ಕೆ ಅರ್ಜಿ ಕೊಡಿ.